‘ಡಸ್’ ಬಂದ ಮೇಲೆ ‘ಬ್ರಿಂಗ್ಸ್’ ಏಕೆ ಉಳಿಯುವುದಿಲ್ಲ: ಇಂಗ್ಲಿಷಿನ ಇನ್ವರ್ಷನ್ ಕುರಿತು ಒಂದು ಉತ್ತರ

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವಳು. ನರ್ಸಿಂಗ್ ಮುಗಿಸಿ, ಇಂಗ್ಲಿಷ್ ಜ್ಞಾನವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರಬಂಧದಲ್ಲಿ ಇನ್ವರ್ಷನ್ ವಾಕ್ಯಗಳಿದ್ದರೆ, ಅಂದರೆ ಕ್ರಿಯಾಪದ ಕರ್ತೃವಿನ ಮುಂದೆ ಬರುವಂತೆ ಕ್ರಮ ಪಲ್ಲಟವಾದ ವಾಕ್ಯಗಳಿದ್ದರೆ, ಬ್ಯಾಂಡ್ (ಅಂಕದ ಮಟ್ಟ) ಹೆಚ್ಚುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗೆಂದು ನಾಲ್ಕು ವಾಕ್ಯ ಬರೆದುಕೊಟ್ಟರೆ ನಾಲ್ಕಕ್ಕೂ ಕೆಂಪು ಗೆರೆ ಬಿತ್ತು. ಕಾರಣ ಮಾತ್ರ ಯಾರೂ ಹೇಳಲಿಲ್ಲ. ವಾಕ್ಯಗಳು ಇವು. ಒಂದು, “ನೆವರ್ ಐ ಹ್ಯಾವ್ ನಾಟ್ ಸೀನ್ ಸಚ್ ರೇನ್.” ಎರಡು, “ನಾಟ್ ಓನ್ಲಿ ಡಸ್ ಟೂರಿಸಂ ಬ್ರಿಂಗ್ಸ್ ಮನಿ, ಬಟ್ ಇಟ್ ಆಲ್ಸೋ ಬ್ರಿಂಗ್ಸ್ ಗಾರ್ಬೇಜ್.” ಮೂರು, “ಓನ್ಲಿ ವೆನ್ ಡಿಡ್ ದ ರೇನ್ ಸ್ಟಾಪ್, ದ ಪಿಕಿಂಗ್ ಬಿಗ್ಯಾನ್.” ನಾಲ್ಕು, “ಇಫ್ ಹ್ಯಾಡ್ ದ ಬ್ಲಾಸಮ್ ಶವರ್ಸ್ ಕಮ್ ಇನ್ ಟೈಮ್, ದ ಕ್ರಾಪ್ ವುಡ್ ಹ್ಯಾವ್ ಬೀನ್ ಬೆಟರ್.” ಎಲ್ಲಿ ಯಾವ ಕ್ರಿಯಾಪದದ ರೂಪ ಬರಬೇಕು? ಒಂದು ಪ್ರಬಂಧದಲ್ಲಿ ಇಂಥ ವಾಕ್ಯ ಎಷ್ಟಿರಬೇಕು? ‘ಹ್ಯಾಡಂಟ್’ ಎಂದು ಶುರುಮಾಡಬಹುದೇ?

ಉತ್ತರ: ನಿಮ್ಮ ನಾಲ್ಕು ವಾಕ್ಯಗಳಲ್ಲಿರುವ ತಪ್ಪುಗಳು ಬೇರೆಬೇರೆ ಬಗೆಯವು, ಮತ್ತು ಅವುಗಳಲ್ಲಿ ಕೆಲವು ನಮ್ಮ ಭಾಷೆಯ ನಡೆಯನ್ನು ಇಂಗ್ಲಿಷಿನೊಳಕ್ಕೆ ಒಯ್ದಾಗ ಹುಟ್ಟುವಂಥವು. ಆದ್ದರಿಂದ ನಿಯಮಗಳ ಪಟ್ಟಿ ಕೊಡುವುದನ್ನು ಬಿಟ್ಟು ನಿಮ್ಮ ವಾಕ್ಯಗಳನ್ನೇ ಬಿಚ್ಚಿ ನೋಡುತ್ತೇನೆ. ಮಡಿಕೇರಿಯಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಹೇಳಿದವನಾಗಿ ನಾನು ಕಂಡದ್ದೇನೆಂದರೆ, ಮನೆಯಲ್ಲಿ ಕೊಡವ ತಕ್ಕ್ ಆಡುವವರಾಗಲಿ, ಅರೆಭಾಷೆಯವರಾಗಲಿ, ಕನ್ನಡದವರಾಗಲಿ, ಈ ಪಾಠದಲ್ಲಿ ಎಡವುವ ಜಾಗ ಒಂದೇ. ಮೂರರಲ್ಲೂ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕೂರುತ್ತದೆ. ಉಳಿದ ಪದಗಳನ್ನು ವಿಭಕ್ತಿಯ ಬಲದಿಂದ ಹೆಚ್ಚುಕಡಿಮೆ ಬೇಕಾದಲ್ಲಿ ಇಡಬಹುದು. ಇಂಗ್ಲಿಷಿನಲ್ಲಿ ಜಾಗವೇ ವಿಭಕ್ತಿಯ ಕೆಲಸ ಮಾಡುತ್ತದೆ. ಜಾಗ ಬದಲಾದರೆ ಅದಕ್ಕೊಂದು ಕಾರಣವಿರಬೇಕು, ಬದಲಾಗುವುದಕ್ಕೂ ಒಂದು ಕ್ರಮವಿರಬೇಕು.

ಎರಡನೆಯ ವಾಕ್ಯದಿಂದ ಆರಂಭಿಸುತ್ತೇನೆ, ಏಕೆಂದರೆ ಇಡೀ ವಿಷಯದ ಬೀಗದ ಕೈ ಅಲ್ಲಿದೆ. ನೀವು ‘ನಾಟ್ ಓನ್ಲಿ’ ಆದ ಮೇಲೆ ‘ಡಸ್’ ತಂದಿರಿ. ಜಾಗ ಸರಿಯಾಗಿಯೇ ಇದೆ. ತಪ್ಪಿರುವುದು ಪದಕ್ರಮದಲ್ಲಲ್ಲ, ಕ್ರಿಯಾಪದದ ರೂಪದಲ್ಲಿ. ‘ಟೂರಿಸಂ ಬ್ರಿಂಗ್ಸ್ ಮನಿ’ ಎಂಬ ಸಾದಾ ವಾಕ್ಯದಲ್ಲಿ ವರ್ತಮಾನಕಾಲವನ್ನೂ ಏಕವಚನವನ್ನೂ ‘ಬ್ರಿಂಗ್ಸ್’ನ ಕೊನೆಯ ‘ಸ್’ ಹೊತ್ತಿದೆ. ‘ಡಸ್’ ಬಂದ ಕೂಡಲೇ ಆ ಹೊರೆ ಅದರ ಹೆಗಲಿಗೆ ಹೋಗುತ್ತದೆ. ಮುಖ್ಯ ಕ್ರಿಯಾಪದ ಹಗುರಾಗಿ ‘ಬ್ರಿಂಗ್’ ಆಗಿ ಉಳಿಯುತ್ತದೆ. ಹೊರೆಯನ್ನು ಇಬ್ಬರೂ ಹೊರುವಂತಿಲ್ಲ. ಆದ್ದರಿಂದ “ನಾಟ್ ಓನ್ಲಿ ಡಸ್ ಟೂರಿಸಂ ಬ್ರಿಂಗ್ ಮನಿ, ಬಟ್ ಇಟ್ ಆಲ್ಸೋ ಬ್ರಿಂಗ್ಸ್ ಗಾರ್ಬೇಜ್” ಎಂದಾಗಬೇಕು. ಎರಡನೆಯ ಭಾಗದಲ್ಲಿ ‘ಬ್ರಿಂಗ್ಸ್’ ಹಾಗೆಯೇ ಇರುವುದನ್ನು ಗಮನಿಸಿ. ಅಲ್ಲಿ ‘ಡಸ್’ ಇಲ್ಲ, ಪಲ್ಲಟವೂ ಇಲ್ಲ.

ಇದು ಪರಕೀಯವಾದ ನಿಯಮವೆಂದು ಭಾವಿಸಬೇಕಾಗಿಲ್ಲ. ಕನ್ನಡದಲ್ಲಿ ‘ಅವಳು ಬಂದಳು’ ಎನ್ನುತ್ತೇವೆ. ಅದನ್ನು ನಿಷೇಧಕ್ಕೆ ತಿರುಗಿಸಿದಾಗ ‘ಬಂದಲಿಲ್ಲ’ ಎಂದು ಎಳೆಯ ಮಗುವೂ ಹೇಳುವುದಿಲ್ಲ, ‘ಬರಲಿಲ್ಲ’ ಎನ್ನುತ್ತದೆ. ‘ಬಂದ’ ಎಂಬ ಭೂತಕಾಲದ ರೂಪ ಕರಗಿ ‘ಬರಲು’ ಎಂಬ ಮೂಲಕ್ಕೆ ಮರಳುತ್ತದೆ, ಕಾಲದ ಸೂಚನೆ ‘ಅಲಿಲ್ಲ’ ಎಂಬ ಕೂಡಿಕೆಗೆ ಸೇರುತ್ತದೆ. ‘ಶಿ ಕೇಮ್’ ಎಂಬುದು ‘ಶಿ ಡಿಡ್ ನಾಟ್ ಕಮ್’ ಆಗುವುದೂ ಹೀಗೆಯೇ. ‘ಡಿಡ್ ಕೇಮ್’ ಎಂದು ಬರೆಯುವಾಗ ‘ಬಂದಲಿಲ್ಲ’ ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು ನೋಡಿ. ಕಿವಿಯೇ ತಡೆಯುತ್ತದೆ.

ಇನ್ನು ವಿಧಾನ. ಇನ್ವರ್ಷನ್ ಎಂದರೆ ಪದಗಳನ್ನು ಉಲ್ಟಾ ಮಾಡುವುದು ಎಂದು ಹೇಳಿಕೊಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ನಿಮಗೆ ಪ್ರಶ್ನೆ ಕೇಳಲು ಬರುತ್ತದೆ ತಾನೆ? ಅಷ್ಟು ಸಾಕು. ಸಾದಾ ವಾಕ್ಯ ಬರೆಯಿರಿ: “ಟೂರಿಸಂ ಬ್ರಿಂಗ್ಸ್ ಮನಿ.” ಅದನ್ನು ಪ್ರಶ್ನೆ ಮಾಡಿ: “ಡಸ್ ಟೂರಿಸಂ ಬ್ರಿಂಗ್ ಮನಿ?” ಪ್ರಶ್ನಾರ್ಥಕ ಚಿಹ್ನೆ ತೆಗೆದು ಮುಂದೆ ‘ನಾಟ್ ಓನ್ಲಿ’ ಇಡಿ. ವಾಕ್ಯ ಸಿದ್ಧ. ಪ್ರಶ್ನೆಯಲ್ಲಿ ಯಾವ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದೆ ಬರುತ್ತದೋ ಇಲ್ಲಿಯೂ ಅದೇ ಬರುತ್ತದೆ. ಅಲ್ಲಿ ಮುಖ್ಯ ಕ್ರಿಯಾಪದ ಯಾವ ರೂಪದಲ್ಲಿರುತ್ತದೋ ಇಲ್ಲಿಯೂ ಅದೇ ರೂಪ. ಶಾಲೆಯಲ್ಲಿ ಕಲಿತ ವಿ1, ವಿ2, ವಿ3 (‘ಗೋ, ವೆಂಟ್, ಗಾನ್’ ಎಂಬಂತೆ ಕ್ರಿಯಾಪದದ ಮೂರು ರೂಪಗಳು) ಲೆಕ್ಕದಲ್ಲಿ ಹೇಳುವುದಾದರೆ, ‘ಡು, ಡಸ್, ಡಿಡ್’ ಮತ್ತು ‘ಕ್ಯಾನ್, ಶುಡ್, ಮಸ್ಟ್’ ಮುಂತಾದವುಗಳ ಜೊತೆ ವಿ1; ‘ಹ್ಯಾವ್, ಹ್ಯಾಸ್, ಹ್ಯಾಡ್’ ಜೊತೆ ವಿ3; ‘ಈಸ್, ಆರ್, ವಾಸ್, ವರ್’ ಜೊತೆ ‘ಇಂಗ್’ ರೂಪ ಅಥವಾ, ಕರ್ಮಣಿಯಾದರೆ, ವಿ3. ವಿ2ಗೆ ಇಂಥ ವಾಕ್ಯದ ಪಲ್ಲಟಗೊಂಡ ಭಾಗದಲ್ಲಿ ಮುಖ್ಯ ಕ್ರಿಯಾಪದವಾಗಿ ಜಾಗವೇ ಇಲ್ಲ. ಬರೆದು ಮುಗಿಸಿದ ಮೇಲೆ ಅಲ್ಲೊಂದು ‘ವೆಂಟ್’, ‘ಕೇಮ್’, ‘ಬಿಗ್ಯಾನ್’ ಕಂಡರೆ ಅದು ತಪ್ಪೆಂದೇ ತಿಳಿಯಿರಿ.

ಸಹಾಯಕ ಕ್ರಿಯಾಪದಗಳು ಸಾಲಾಗಿ ನಿಂತಿದ್ದರೆ ಮೊದಲನೆಯದು ಮಾತ್ರ ಕರ್ತೃವನ್ನು ದಾಟುತ್ತದೆ. “ದ ಡ್ಯಾಮೇಜ್ ಕುಡ್ ಹ್ಯಾವ್ ಬೀನ್ ಅವಾಯ್ಡೆಡ್” ಎಂಬುದರಿಂದ “ಇನ್ ನೋ ವೇ ಕುಡ್ ದ ಡ್ಯಾಮೇಜ್ ಹ್ಯಾವ್ ಬೀನ್ ಅವಾಯ್ಡೆಡ್” ಎಂದಾಗುತ್ತದೆ. ‘ಕುಡ್ ಹ್ಯಾವ್ ಬೀನ್’ ಇಡೀ ಗುಂಪನ್ನೇ ಎತ್ತಿ ಮುಂದಿಡುವವರನ್ನು ಬಹಳ ನೋಡಿದ್ದೇನೆ.

ಈಗ ನಿಮ್ಮ ಮೊದಲ ವಾಕ್ಯ. ಅದರಲ್ಲಿ ತಪ್ಪು ಎರಡು. ‘ಹ್ಯಾವ್’ ಕರ್ತೃವಿನ ಹಿಂದೆಯೇ ಉಳಿದಿದೆ, ಅದು ಮುಂದೆ ಬರಬೇಕು. ಇದಕ್ಕಿಂತ ಕುತೂಹಲದ ತಪ್ಪು ಆ ‘ನಾಟ್’. ‘ಇಂಥ ಮಳೆ ನಾನು ಎಂದೂ ನೋಡಿಲ್ಲ’ ಎಂಬ ಕನ್ನಡ ವಾಕ್ಯ ನಿಮ್ಮ ಮನಸ್ಸಿನಲ್ಲಿತ್ತು. ಕನ್ನಡದ ‘ಎಂದೂ’ ತಾನೇ ನಿಷೇಧವಲ್ಲ. ಅದಕ್ಕೆ ಕೊನೆಯಲ್ಲಿ ‘ಇಲ್ಲ’ ಬೇಕೇ ಬೇಕು. ‘ಯಾರೂ ಬರಲಿಲ್ಲ’, ‘ಎಲ್ಲಿಯೂ ಸಿಗಲಿಲ್ಲ’ ಎಂಬಲ್ಲಿಯೂ ಹೀಗೆಯೇ. ಇಂಗ್ಲಿಷಿನ ‘ನೆವರ್’ ಒಳಗೆ ‘ಎಂದೂ’ ಮತ್ತು ‘ಇಲ್ಲ’ ಎರಡೂ ಸೇರಿವೆ. ಮತ್ತೊಂದು ‘ನಾಟ್’ ಹಾಕಿದರೆ ಇಲ್ಲವೆಂಬುದು ಇಲ್ಲವಾಗಿ ‘ಸದಾ ನೋಡಿದ್ದೇನೆ’ ಎಂಬ ಅರ್ಥಕ್ಕೆ ತಿರುಗುತ್ತದೆ. “ನೆವರ್ ಹ್ಯಾವ್ ಐ ಸೀನ್ ಸಚ್ ರೇನ್.” ಇಷ್ಟೇ. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’, ‘ಸೆಲ್ಡಮ್’, ‘ರೇರ್ಲಿ’, ‘ಲಿಟಲ್’ ಇವುಗಳ ಮೈಮೇಲೆ ‘ನೋ’ ಎಂಬ ಗುರುತು ಕಾಣದಿದ್ದರೂ ಹೊಟ್ಟೆಯಲ್ಲಿ ನಿಷೇಧವಿದೆ. ಅಲ್ಲಿಯೂ ‘ನಾಟ್’ ಸೇರಿಸಬಾರದು.

ಪಲ್ಲಟಕ್ಕೆ ಕಾರಣವೂ ಇದೇ ನಿಷೇಧ. ವಾಕ್ಯದ ತಲೆಯಲ್ಲಿ ನಿಷೇಧದ ಅಥವಾ ನಿರ್ಬಂಧದ ಪದಗುಚ್ಛ ಬಂದು, ಅದು ಇಡೀ ವಾಕ್ಯದ ಅರ್ಥವನ್ನು ಆಳುತ್ತಿದ್ದರೆ ಸಹಾಯಕ ಕ್ರಿಯಾಪದ ಮುಂದೆ ಬರುತ್ತದೆ. ಕಾಲವನ್ನೋ ಸ್ಥಳವನ್ನೋ ಸುಮ್ಮನೆ ಮುಂದೆ ತಂದರೆ ಸಾಲದು. “ಇನ್ ಆಗಸ್ಟ್ 2018 ಹೆವಿ ರೇನ್ ಕಾಸ್ಡ್ ಲ್ಯಾಂಡ್‌ಸ್ಲೈಡ್ಸ್ ಇನ್ ಕೊಡಗು” ಎಂಬಲ್ಲಿ ಏನೂ ತಿರುಗುವುದಿಲ್ಲ. ಇನ್ವರ್ಷನ್ ಕಲಿತ ಹೊಸತರಲ್ಲಿ ಇಂಥಲ್ಲಿಯೂ ‘ಡಿಡ್’ ತುರುಕುವ ಚಪಲ ಬರುತ್ತದೆ, ಎಚ್ಚರವಿರಲಿ. ‘ಇನ್ ನೋ ಟೈಮ್’ ಎಂಬ ನುಡಿಗಟ್ಟು ಒಳ್ಳೆಯ ಪರೀಕ್ಷೆ. ‘ನೋ’ ಇದ್ದರೂ ಅದರ ಅರ್ಥ ‘ಕ್ಷಣಮಾತ್ರದಲ್ಲಿ’ ಎಂದು. ಕ್ರಿಯೆ ನಡೆದೇ ಇದೆ, ನಿಷೇಧವಿಲ್ಲ. ಆದ್ದರಿಂದ “ಇನ್ ನೋ ಟೈಮ್ ದ ರೋಡ್ ವಾಸ್ ಅಂಡರ್ ವಾಟರ್” ಎಂದು ಸಾದಾ ಕ್ರಮವೇ ಬರುತ್ತದೆ. ‘ಅಟ್ ನೋ ಟೈಮ್’ ಎಂದರೆ ‘ಯಾವ ಹೊತ್ತಿನಲ್ಲೂ ಇಲ್ಲ’. ಅಲ್ಲಿ “ಅಟ್ ನೋ ಟೈಮ್ ವಾಸ್ ದ ರೋಡ್ ಕ್ಲೋಸ್ಡ್” ಎಂದು ತಿರುಗುತ್ತದೆ. ಉಪಸರ್ಗವೊಂದು ಬದಲಾದದ್ದಕ್ಕೆ ವಾಕ್ಯದ ಮೈಕಟ್ಟೇ ಬದಲಾಯಿತು.

ಹಾಗಾದರೆ ‘ಓನ್ಲಿ’ ಏಕೆ ಈ ಸಾಲಿನಲ್ಲಿ ಸೇರಿತು ಎಂದು ಕೇಳಬಹುದು. ‘ಮಳೆ ನಿಂತ ಮೇಲೆಯೇ ಕೊಯ್ಲು ಶುರುವಾಯಿತು’ ಎಂದರೆ ‘ಅದಕ್ಕೆ ಮುಂಚೆ ಶುರುವಾಗಲಿಲ್ಲ’ ಎಂಬ ಮಾತು ಅದರೊಳಗೇ ಇದೆ. ಕನ್ನಡ ಆ ಕೆಲಸವನ್ನೆಲ್ಲ ‘ಏ’ ಎಂಬ ಒಂದೇ ಅಕ್ಷರದಲ್ಲಿ ಮುಗಿಸುತ್ತದೆ, ಪದಗಳನ್ನು ಅಲುಗಾಡಿಸದೆ. ಇಂಗ್ಲಿಷಿಗೆ ಆ ಸೌಕರ್ಯವಿಲ್ಲದ್ದರಿಂದ ‘ಓನ್ಲಿ’ಯನ್ನು ಮುಂದೆ ತಂದು ಕ್ರಮವನ್ನು ಕದಲಿಸಬೇಕಾಗುತ್ತದೆ. ಆದರೆ ‘ಓನ್ಲಿ’ ಕರ್ತೃವಿಗೇ ಅಂಟಿಕೊಂಡಿದ್ದರೆ ಪಲ್ಲಟವಿಲ್ಲ: “ಓನ್ಲಿ ದ ಓನರ್ ನೋಸ್ ದ ಪ್ರೈಸ್.” ‘ನೋಬಡಿ ಕೇಮ್’ ಎಂಬುದಕ್ಕೂ ಇದೇ ನ್ಯಾಯ. ಕರ್ತೃವೇ ತಲೆಯಲ್ಲಿ ಕೂತಿರುವಾಗ ಅದರ ಮುಂದೆ ಇನ್ನೇನನ್ನು ತರುವುದು?

ನಿಮ್ಮ ಮೂರನೆಯ ವಾಕ್ಯದಲ್ಲಿ ಪಲ್ಲಟವಾಗಿದೆ, ಆದರೆ ತಪ್ಪು ಮನೆಯಲ್ಲಿ. ‘ಓನ್ಲಿ ವೆನ್ ದ ರೇನ್ ಸ್ಟಾಪ್ಡ್’ ಎಂಬುದು ಕಾಲವನ್ನು ಹೇಳುವ ಅಧೀನ ವಾಕ್ಯ, ಅದರೊಳಗೆ ಕೈಹಾಕಬಾರದು. ತಿರುಗಬೇಕಾದದ್ದು ಪ್ರಧಾನ ವಾಕ್ಯ: “ಓನ್ಲಿ ವೆನ್ ದ ರೇನ್ ಸ್ಟಾಪ್ಡ್ ಡಿಡ್ ದ ಪಿಕಿಂಗ್ ಬಿಗಿನ್.” ‘ಸ್ಟಾಪ್ಡ್’ ವಿ2 ಆಗಿ ಉಳಿಯಿತು, ‘ಬಿಗ್ಯಾನ್’ ಮಾತ್ರ ‘ಡಿಡ್ ಬಿಗಿನ್’ ಎಂದು ಒಡೆಯಿತು. ನಡುವೆ ಅಲ್ಪವಿರಾಮವೂ ಬೇಡ. ‘ನಾಟ್ ಅಂಟಿಲ್’ ಕೂಡ ಇದೇ ಜಾತಿಯದು. ನಮ್ಮ ಜಿಲ್ಲೆಯ ಮಗನಾದ ಕಾರ್ಯಪ್ಪನವರ ವಿಷಯ ಬರೆಯುವಾಗ “ನಾಟ್ ಅಂಟಿಲ್ 1949 ಡಿಡ್ ದ ಇಂಡಿಯನ್ ಆರ್ಮಿ ಹ್ಯಾವ್ ಆನ್ ಇಂಡಿಯನ್ ಕಮಾಂಡರ್-ಇನ್-ಚೀಫ್” ಎನ್ನಬಹುದು. ಅವರು ಆ ವರ್ಷದ ಜನವರಿ 15ರಂದು ಅಧಿಕಾರ ವಹಿಸಿಕೊಂಡರು. ‘ಡಿಡ್ ಹ್ಯಾಡ್’ ಎಂದು ಬರೆಯುವ ಆಸೆ ಇಲ್ಲಿ ವಿಶೇಷವಾಗಿ ಕಾಡುತ್ತದೆ. ‘ಹ್ಯಾವ್’ ಇಲ್ಲಿ ‘ಹೊಂದು’ ಎಂಬ ಮುಖ್ಯ ಕ್ರಿಯಾಪದ, ಸಹಾಯಕವಲ್ಲ, ಆದ್ದರಿಂದ ಅದಕ್ಕೂ ‘ಡಿಡ್’ ಬೇಕು, ಅದೂ ವಿ1ಕ್ಕೆ ಇಳಿಯಬೇಕು.

ಇದೇ ರಚನೆ ಓದುವ ವಿಭಾಗದಲ್ಲಿ ನಿಮ್ಮನ್ನು ಕಾಡದಿರಲಿ ಎಂಬುದಕ್ಕೂ ಇದನ್ನು ಕಲಿಯಬೇಕು. “ನಾಟ್ ಅಂಟಿಲ್ ನವೆಂಬರ್ 1956 ಡಿಡ್ ಕೂರ್ಗ್ ಬಿಕಮ್ ಪಾರ್ಟ್ ಆಫ್ ಮೈಸೂರ್ ಸ್ಟೇಟ್” ಎಂದು ಪಾಠದಲ್ಲಿದೆ ಎನ್ನಿ. ‘1955ರಲ್ಲಿ ಕೂರ್ಗ್ ಮೈಸೂರು ರಾಜ್ಯದ ಭಾಗವಾಗಿತ್ತು’ ಎಂಬ ಹೇಳಿಕೆಯನ್ನು ಕೊಟ್ಟು ಸರಿಯೋ ತಪ್ಪೋ, ಅಥವಾ ಪಾಠದಲ್ಲಿ ಮಾಹಿತಿಯೇ ಇಲ್ಲವೋ ಎಂದು ಕೇಳಿದರೆ, ಉತ್ತರ ‘ತಪ್ಪು’. ಕೊಡಗಿನವರಿಗೆ ಇತಿಹಾಸ ಗೊತ್ತಿರುವುದರಿಂದ ಸುಲಭ. ಆದರೆ ‘ನಾಟ್’ ಎಂಬುದನ್ನು ನೋಡಿದ ಆತುರದಲ್ಲಿ ‘1956ರಲ್ಲಿ ಆಗಲಿಲ್ಲ’ ಎಂದು ಓದಿಕೊಳ್ಳುವವರು ಇದ್ದಾರೆ. ‘ಅಲ್ಲಿಯವರೆಗೆ ಆಗಿರಲಿಲ್ಲ, ಆಗ ಆಯಿತು’ ಎಂಬುದೇ ಅದರ ತಿರುಳು.

‘ಹಾರ್ಡ್ಲಿ’ ಮತ್ತು ‘ನೋ ಸೂನರ್’ ಬಗ್ಗೆ ನೀವು ಕೇಳಿಲ್ಲ, ಆದರೆ ಕ್ರಿಯಾಪದದ ರೂಪ ಕೆಡುವುದು ಅಲ್ಲಿಯೇ ಹೆಚ್ಚು. ಕಣದಲ್ಲಿ ಕಾಫಿ ಹಣ್ಣು ಹರವಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮೋಡ ಕವಿದು ಹನಿ ಬೀಳುತ್ತದೆ. ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುತ್ತಾರೆ. ‘ಹಣ್ಣು ಹರವಿದ್ದೇ ತಡ, ಮಳೆ ಶುರುವಾಯಿತು’ ಎಂಬ ಈ ‘ಇದ್ದೇ ತಡ’ವೇ ಇಂಗ್ಲಿಷಿನ ‘ನೋ ಸೂನರ್’. ಎರಡು ಘಟನೆಗಳಲ್ಲಿ ಮೊದಲು ನಡೆದದ್ದಕ್ಕೆ ‘ಹ್ಯಾಡ್’ ಮತ್ತು ವಿ3, ಆಮೇಲಿನದಕ್ಕೆ ವಿ2: “ಹಾರ್ಡ್ಲಿ ಹ್ಯಾಡ್ ವಿ ಸ್ಪ್ರೆಡ್ ದ ಚೆರಿ ವೆನ್ ಇಟ್ ಬಿಗ್ಯಾನ್ ಟು ರೇನ್.” ‘ನೋ ಸೂನರ್’ ಆದರೆ ‘ವೆನ್’ ಬದಲು ‘ದ್ಯಾನ್’; ‘ಸೂನರ್’ ತುಲನೆಯ ರೂಪವಾದ್ದರಿಂದ ‘ದ್ಯಾನ್’ ಬೇಡುತ್ತದೆ ಎಂದು ನೆನಪಿಟ್ಟರೆ ಎಂದಿಗೂ ಅದಲುಬದಲಾಗದು. ‘ಸ್ಪ್ರೆಡ್’ ಎಂಬುದರ ಮೂರು ರೂಪವೂ ಒಂದೇ ಆದ್ದರಿಂದ ಈ ವಾಕ್ಯದಲ್ಲಿ ತಪ್ಪು ಮಾಡಲು ಅವಕಾಶವೇ ಇಲ್ಲ. ಅಭ್ಯಾಸಕ್ಕೆ ಮಾತ್ರ ಅದು ನಿರುಪಯೋಗಿ. ‘ಬಿಗಿನ್, ಬಿಗ್ಯಾನ್, ಬಿಗನ್’, ‘ಫಾಲ್, ಫೆಲ್, ಫಾಲನ್’, ‘ಗೋ, ವೆಂಟ್, ಗಾನ್’, ‘ರೈಸ್, ರೋಸ್, ರಿಸನ್’ ಇಂಥವನ್ನು ಹಾಕಿ ಬರೆಯಿರಿ. ವಿಶೇಷವಾಗಿ ‘ಕಮ್, ಕೇಮ್, ಕಮ್’: ವಿ3 ಮರಳಿ ವಿ1ರಂತೆಯೇ ಕಾಣುವುದರಿಂದ ‘ಹ್ಯಾಡ್ ಕೇಮ್’ ಎಂದು ಬರೆದು ಸರಿ ಮಾಡಿದೆವೆಂದು ಭ್ರಮಿಸುವವರು ಹೆಚ್ಚು. ನಿಮ್ಮ ನಾಲ್ಕನೆಯ ವಾಕ್ಯದಲ್ಲಿ ‘ಹ್ಯಾಡ್... ಕಮ್’ ಎಂದು ಸರಿಯಾಗಿಯೇ ಬರೆದಿದ್ದೀರಿ. ಕೆಂಪು ಗೆರೆ ಅದಕ್ಕೆ ಬಿದ್ದದ್ದಲ್ಲ.

ಅದು ಬಿದ್ದದ್ದು ‘ಇಫ್’ಗೆ. ಇಲ್ಲಿ ಕನ್ನಡ ನಿಮ್ಮ ಕೈಹಿಡಿಯುತ್ತದೆ, ಸ್ವಲ್ಪ ನಂಬಿದರೆ. ‘ಹೂಮಳೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಫಸಲು ಚೆನ್ನಾಗಿರುತ್ತಿತ್ತು’ ಎನ್ನುವಾಗ ‘ಇಫ್’ಗೆ ಸಮನಾದ ಪ್ರತ್ಯೇಕ ಪದವನ್ನು ನಾವು ಬಳಸುವುದೇ ಇಲ್ಲ, ಷರತ್ತು ‘ಇದ್ದರೆ’ ಎಂಬ ಕ್ರಿಯಾರೂಪದ ಬಾಲದಲ್ಲಿದೆ. ಇಂಗ್ಲಿಷಿನಲ್ಲಿ ‘ಹ್ಯಾಡ್’ ಮುಂದೆ ಬಂದಾಗ ಷರತ್ತು ಆ ಸ್ಥಾನದಲ್ಲೇ ಅಡಗುತ್ತದೆ, ‘ಇಫ್’ ಬಿದ್ದುಹೋಗುತ್ತದೆ: “ಹ್ಯಾಡ್ ದ ಬ್ಲಾಸಮ್ ಶವರ್ಸ್ ಕಮ್ ಇನ್ ಟೈಮ್, ದ ಕ್ರಾಪ್ ವುಡ್ ಹ್ಯಾವ್ ಬೀನ್ ಬೆಟರ್.” ಹೀಗೆ ‘ಇಫ್’ ಬಿಟ್ಟು ಮುಂದೆ ಬರುವ ಹಕ್ಕು ಇಂದಿನ ಬರವಣಿಗೆಯಲ್ಲಿ ‘ಹ್ಯಾಡ್’, ‘ವರ್’, ‘ಶುಡ್’ ಈ ಮೂರಕ್ಕಷ್ಟೇ ಎಂದುಕೊಂಡರೆ ಪರೀಕ್ಷೆಗೆ ಸಾಕು. ‘ವರ್’ ಬಂದಾಗ ಕರ್ತೃ ಏಕವಚನವಾದರೂ ‘ವರ್’ ಆಗಿಯೇ ಇರುತ್ತದೆ: “ವರ್ ದ ಬ್ರಿಡ್ಜ್ ಟು ಕೊಲ್ಯಾಪ್ಸ್, ದ ವಿಲೇಜ್ ವುಡ್ ಬಿ ಕಟ್ ಆಫ್.” ‘ಶುಡ್’ ಪತ್ರಗಳಲ್ಲಿ ಬಹಳ ಉಪಯೋಗಿ. ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್ ಪರೀಕ್ಷೆಯ ಪತ್ರದಲ್ಲಾಗಲಿ, ನರ್ಸುಗಳು ಬರೆಯುವ ಒಇಟಿ ಪರೀಕ್ಷೆಯ ಪತ್ರದಲ್ಲಾಗಲಿ, “ಶುಡ್ ಯು ನೀಡ್ ಎನಿ ಫರ್ದರ್ ಇನ್ಫರ್ಮೇಶನ್, ಪ್ಲೀಸ್ ಕಾಂಟ್ಯಾಕ್ಟ್ ಮಿ” ಎಂಬುದು ಸಹಜವಾಗಿ ಕೂರುವ ವಾಕ್ಯ. ಕರ್ತೃ ಯಾರೇ ಆಗಲಿ, ‘ಶುಡ್’ ಆದ ಮೇಲೆ ವಿ1: “ಶುಡ್ ದ ಪೇಶೆಂಟ್ ಡೆವಲಪ್ ಎ ಫೀವರ್”, ‘ಡೆವಲಪ್ಸ್’ ಅಲ್ಲ.

ಇದುವರೆಗೆ ಹೇಳಿದ್ದು ಸಹಾಯಕ ಕ್ರಿಯಾಪದ ಮಾತ್ರ ದಾಟುವ ಬಗೆ. ಇನ್ನೊಂದು ಬಗೆಯಲ್ಲಿ ಮುಖ್ಯ ಕ್ರಿಯಾಪದವೇ ಕರ್ತೃವಿನ ಮುಂದೆ ಬಂದು ನಿಲ್ಲುತ್ತದೆ, ‘ಡು’ ಬರುವುದೇ ಇಲ್ಲ. ಸ್ಥಳವನ್ನು ಹೇಳುವ ಪದಗುಚ್ಛ ಮುಂದಿದ್ದು, ಕ್ರಿಯಾಪದ ಇರುವಿಕೆಯನ್ನೋ ಬರುವಿಕೆಯನ್ನೋ ಸೂಚಿಸುವಾಗ ಹೀಗಾಗುತ್ತದೆ. “ಇನ್ ದೀಸ್ ಹಿಲ್ಸ್ ರೈಸಸ್ ದ ಕಾವೇರಿ.” ಇಲ್ಲಿ ‘ಹಿಲ್ಸ್’ ಬಹುವಚನವನ್ನು ನೋಡಿ ‘ರೈಸ್’ ಎಂದು ಬರೆಯುವವರಿದ್ದಾರೆ. ಹುಟ್ಟುವುದು ಬೆಟ್ಟಗಳಲ್ಲ, ಕಾವೇರಿ. ಕರ್ತೃ ಏಕವಚನ, ಆದ್ದರಿಂದ ‘ರೈಸಸ್’. ಕರ್ತೃ ಸರ್ವನಾಮವಾದರೆ ಈ ಬಗೆಯ ಪಲ್ಲಟ ನಿಲ್ಲುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುವವರು “ಹಿಯರ್ ಕಮ್ಸ್ ದ ಬಸ್” ಎನ್ನುತ್ತಾರೆ, ಆದರೆ “ಹಿಯರ್ ಇಟ್ ಕಮ್ಸ್.” ಹಳೆಯ ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಏನೇ ಬಂದರೂ ಕ್ರಿಯಾಪದ ಸಾಮಾನ್ಯವಾಗಿ ಎರಡನೆಯ ಸ್ಥಾನಕ್ಕೆ ಬರುತ್ತಿತ್ತು, ಜರ್ಮನ್ ಭಾಷೆಯಲ್ಲಿ ಇಂದಿಗೂ ಹಾಗೆಯೇ. ಇಂಗ್ಲಿಷ್ ಆ ರೂಢಿಯನ್ನು ಬಹುಮಟ್ಟಿಗೆ ಬಿಟ್ಟರೂ ಕೆಲವು ಮೂಲೆಗಳಲ್ಲಿ ಅದು ಉಳಿದುಕೊಂಡಿತು. ಪರೀಕ್ಷೆಯವರು ಈಗ ಆ ಮೂಲೆಗಳನ್ನೇ ಹುಡುಕಿ ಪ್ರಶ್ನೆ ಹಾಕುತ್ತಾರೆ.

ಎಷ್ಟು ವಾಕ್ಯ ಎಂಬ ಪ್ರಶ್ನೆಗೆ ಬರುತ್ತೇನೆ. ಐಇಎಲ್‌ಟಿಎಸ್ ಬರವಣಿಗೆಗೆ ಒಟ್ಟು 60 ನಿಮಿಷ. ಮೊದಲ ಭಾಗ ಕನಿಷ್ಠ 150 ಪದ, ಎರಡನೆಯದು ಕನಿಷ್ಠ 250 ಪದ, ಎರಡನೆಯದಕ್ಕೆ ಮೊದಲನೆಯದರ ಇಮ್ಮಡಿ ತೂಕ. ಅಂಕ ನೀಡುವುದು ನಾಲ್ಕು ಮಾನದಂಡಗಳ ಮೇಲೆ, ನಾಲ್ಕೂ ಸಮಾನ. ವ್ಯಾಕರಣದ ವೈವಿಧ್ಯ ಮತ್ತು ಶುದ್ಧತೆ ಅವುಗಳಲ್ಲೊಂದು, ಅಂದರೆ ಕಾಲು ಪಾಲು. ಏಳನೆಯ ಬ್ಯಾಂಡಿಗೆ ಸಂಕೀರ್ಣ ರಚನೆಗಳ ವೈವಿಧ್ಯವೂ ಬೇಕು, ತಪ್ಪಿಲ್ಲದ ವಾಕ್ಯಗಳು ಆಗಾಗ ಸಿಗುತ್ತಿರಬೇಕು ಎಂದೂ ಇದೆ. ಇನ್ವರ್ಷನ್ ಇದ್ದರೆ ಇಷ್ಟು ಬ್ಯಾಂಡ್ ಎಂದು ಎಲ್ಲಿಯೂ ಇಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಖಚಿತ: ಪ್ರಬಂಧಕ್ಕೆ ಒಂದು, ಹೆಚ್ಚೆಂದರೆ ಎರಡು, ಅದೂ ನಿಜವಾಗಿ ಒತ್ತು ಬೇಕಾದ ಕಡೆ. ನಾಲ್ಕು ತಂದರೆ ಸಾರಿನಲ್ಲಿ ಕಾಳುಮೆಣಸು ಕೈಮೀರಿ ಬಿದ್ದಂತೆ. ಉಳಿದ ರುಚಿಯೆಲ್ಲ ಮುಚ್ಚಿಹೋಗುತ್ತದೆ. ಪ್ರವಾಸೋದ್ಯಮದ ಕುರಿತ ನಿಮ್ಮ ಪ್ರಬಂಧದಲ್ಲಿ “ಓನ್ಲಿ ಬೈ ಲಿಮಿಟಿಂಗ್ ದ ನಂಬರ್ ಆಫ್ ವೆಹಿಕಲ್ಸ್ ಕ್ಯಾನ್ ದ ಡಿಸ್ಟ್ರಿಕ್ಟ್ ಪ್ರೊಟೆಕ್ಟ್ ಇಟ್ಸ್ ಹಿಲ್ಸ್” ಎಂದು ವಾದದ ತುದಿಯಲ್ಲಿ ಒಂದು ವಾಕ್ಯ ಬಂದರೆ ಅದಕ್ಕೆ ಬೆಲೆ ಇದೆ. ಮಾತಿನ ಪರೀಕ್ಷೆಯಲ್ಲಿ ‘ನೆವರ್ ಹ್ಯಾವ್ ಐ’ ಎಂದು ಆರಂಭಿಸಿದರೆ ನಾಟಕದ ಮಾತಿನಂತೆ ಕೇಳುತ್ತದೆ. ಅಲ್ಲಿ ‘ಸೋ ಡು ಐ’, ‘ನೈದರ್ ಡಿಡ್ ಮೈ ಸಿಸ್ಟರ್’ ಎಂಬ ಪುಟ್ಟ ಪಲ್ಲಟಗಳೇ ಸಹಜ.

ಎಲ್ಲ ಪರೀಕ್ಷೆಗಳ ಮಾತೂ ಹೀಗಲ್ಲ. ಟೋಫೆಲ್ ಐಟಿಪಿ ಲೆವೆಲ್ 1ರ ಎರಡನೆಯ ವಿಭಾಗದಲ್ಲಿ 25 ನಿಮಿಷಕ್ಕೆ 40 ವ್ಯಾಕರಣ ಪ್ರಶ್ನೆಗಳಿರುತ್ತವೆ; ಕೇಂಬ್ರಿಜ್ ಸಿ1 ಅಡ್ವಾನ್ಸ್ಡ್‌ನಲ್ಲಿ ಕೊಟ್ಟ ಒಂದು ಪದವನ್ನು ಬಳಸಿ, ಮೂರರಿಂದ ಆರು ಪದಗಳೊಳಗೆ ವಾಕ್ಯವನ್ನು ಮತ್ತೆ ಬರೆಯುವ ಪ್ರಶ್ನೆಗಳಿವೆ. ಅಲ್ಲಿ ಇನ್ವರ್ಷನ್ ಗೊತ್ತಿರುವುದು ನೇರವಾಗಿ ಅಂಕ ತರುತ್ತದೆ. ತರಬೇತಿಯಲ್ಲಿ ಕೊಡುವ ಹಾಳೆಗಳಲ್ಲಿ ಈ ಪರೀಕ್ಷೆಗಳ ಸಲಹೆಗಳನ್ನೆಲ್ಲ ಒಟ್ಟಿಗೆ ಕಲಸಿ ಹಂಚುವುದನ್ನು ನಾನೂ ಕಂಡಿದ್ದೇನೆ. ನಿಮಗೆ ಸಿಕ್ಕಿದ್ದೂ ಅಂಥದ್ದೇ ಇರಬಹುದು.

ಕೊನೆಯದಾಗಿ ‘ಹ್ಯಾಡಂಟ್’. ಪ್ರಶ್ನೆಯಲ್ಲಿ ‘ಹ್ಯಾಡಂಟ್ ಯು ಹರ್ಡ್?’ ಎನ್ನಬಹುದು, ಆದರೆ ‘ಇಫ್’ ಬಿಟ್ಟ ಷರತ್ತಿನ ವಾಕ್ಯದಲ್ಲಿ ಕುಗ್ಗಿಸಿದ ರೂಪ ಸಲ್ಲದು. ‘ಹ್ಯಾಡ್’ ಒಂದೇ ಮುಂದೆ ಬರುತ್ತದೆ, ‘ನಾಟ್’ ಕರ್ತೃವಿನ ಆಚೆ ಉಳಿಯುತ್ತದೆ: “ಹ್ಯಾಡ್ ಇಟ್ ನಾಟ್ ರೇನ್ಡ್, ವಿ ವುಡ್ ಹ್ಯಾವ್ ಫಿನಿಶ್ಡ್ ದ ಪಿಕಿಂಗ್.”